ಅಂಚೆಗೆ ಬೀಳದ ಅರ್ಜಿ

ಹತ್ತನೆಯ ತರಗತಿಯ ಕನ್ನಡ ಪ್ರಶ್ನಪತ್ರಿಕೆಯಲ್ಲಿ ಪತ್ರಲೇಖನಕ್ಕೆ ಒಂದು ಸ್ಥಾನ ಮೀಸಲಾಗಿರುತ್ತದೆ. “ನಿಮ್ಮ ಬಡಾವಣೆಯ ಬೀದಿದೀಪಗಳನ್ನು ಸರಿಪಡಿಸಿಕೊಡಬೇಕೆಂದು ಕೋರಿ ಪೌರಾಯುಕ್ತರಿಗೆ ಒಂದು ಪತ್ರ ಬರೆಯಿರಿ” ಎಂಬ ಬಗೆಯ ಪ್ರಶ್ನೆಯನ್ನು ಕಾಣದೆ ಶಾಲೆಯ ಹೊಸ್ತಿಲು ದಾಟಿದ ವಿದ್ಯಾರ್ಥಿಗಳು ವಿರಳ. ಶಿವಮೊಗ್ಗದ ದುರ್ಗಿಗುಡಿಯ ಹುಡುಗನೂ ಅದನ್ನು ಬರೆಯುತ್ತಾನೆ. ಭದ್ರಾವತಿಯ ಜನ್ನಾಪುರದ ಹುಡುಗಿಯೂ ಬರೆಯುತ್ತಾಳೆ. ‘ಇಂದ’, ‘ಗೆ’, ‘ಮಾನ್ಯರೇ’, ‘ವಿಷಯ’ ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿರುತ್ತವೆ. ಕತ್ತಲೆಯಲ್ಲಿ ಹೆಂಗಸರಿಗೂ ವೃದ್ಧರಿಗೂ ಆಗುವ ತೊಂದರೆ ಮನಮುಟ್ಟುವಂತೆ ವರ್ಣಿತವಾಗಿರುತ್ತದೆ. ಅಂಕಗಳು ಬರುತ್ತವೆ. ಪತ್ರ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಪರೀಕ್ಷೆ ಮುಗಿಸಿ ಸಂಜೆ ಮನೆಗೆ ಮರಳುವ ಆ ಮಗುವಿನ ಬೀದಿಯ ದೀಪ ನಿನ್ನೆ ಆರಿದ್ದರೆ ಇಂದೂ ಆರಿಯೇ ಇರುತ್ತದೆ.

ಹೀಗೆ ಪ್ರತಿವರ್ಷವೂ ನಾಡಿನ ಮಕ್ಕಳು ಬರೆಯುವ ಅರ್ಜಿಗಳನ್ನು ಒಟ್ಟುಗೂಡಿಸಿದರೆ ಯಾವ ಕಚೇರಿಯ ಕಪಾಟೂ ಸಾಲದು. ಅವುಗಳಲ್ಲಿ ಒಂದಾದರೂ ಅಂಚೆಯ ಪೆಟ್ಟಿಗೆಗೆ ಬಿದ್ದರೆ ಏನಾದೀತು? ಪ್ರಶ್ನೆ ಸಣ್ಣದು. ಆದರೆ ಮಕ್ಕಳಿಗೆ ಪೌರಜ್ಞಾನವನ್ನೂ ನಾಯಕತ್ವವನ್ನೂ ಕಲಿಸಬೇಕೆಂದು ಇಂದು ಎಲ್ಲೆಡೆ ಕೇಳಿಬರುತ್ತಿರುವ ಮಾತಿನ ಸತ್ವವೆಲ್ಲ ಈ ಪ್ರಶ್ನೆಯಲ್ಲೇ ಅಡಗಿದೆ.

ಪೌರನೀತಿ ಎಂಬ ಪಾಠ

ಹಿಂದಿನ ತಲೆಮಾರಿನವರು ಶಾಲೆಯಲ್ಲಿ ‘ಪೌರನೀತಿ’ ಎಂಬ ಹೆಸರಿನಲ್ಲಿ ಓದಿದ ವಿಷಯ ಈಗ ಸಮಾಜ ವಿಜ್ಞಾನದ ಪುಸ್ತಕದೊಳಗೆ ಬೇರೆ ಹೆಸರಿನಿಂದ ಸೇರಿಕೊಂಡಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ಹಳೆಯ ಹೆಸರೇ ವಸಾಹತುಕಾಲದ್ದೆಂದು ಭಾವಿಸಿ, ವಿಧೇಯ ಪ್ರಜೆಯನ್ನು ತಯಾರಿಸುವ ಪಾಠದ ಬದಲು ವಿಚಾರಮಾಡುವ ಪ್ರಜೆಯನ್ನು ಬೆಳೆಸುವ ಪಾಠ ಬೇಕೆಂದು ಸೂಚಿಸಿತು. ಹೆಸರೇನೋ ಬದಲಾಯಿತು. ರಾಷ್ಟ್ರಪತಿಯವರ ಅಧಿಕಾರಾವಧಿ ಎಷ್ಟು, ರಾಜ್ಯಸಭೆಯ ಸದಸ್ಯರೆಷ್ಟು ಎಂದು ಕೇಳಿದರೆ ತಡವರಿಸದೆ ಉತ್ತರಿಸುವ ಬಾಲಕನನ್ನು ‘ನಿನ್ನ ಮನೆಯಿರುವುದು ಎಷ್ಟನೆಯ ವಾರ್ಡು?’ ಎಂದು ಕೇಳಿ ನೋಡಬೇಕು. ದೆಹಲಿಯ ದಾರಿ ಬಲ್ಲವನು ತನ್ನ ಬೀದಿಯ ತುದಿಯಲ್ಲಿ ದಾರಿ ತಪ್ಪುತ್ತಾನೆ.

ಇದು ಮಕ್ಕಳ ದೋಷವಲ್ಲ. ದೊಡ್ಡವರಲ್ಲಿಯೂ ಅನೇಕರ ಸ್ಥಿತಿ ಇದೇ. ಆದರೆ ಹದಿನೈದು ವರ್ಷದ ಬಾಲಕ ಇನ್ನು ಮೂರೇ ವರ್ಷಗಳಲ್ಲಿ ಮತದಾರನಾಗುತ್ತಾನೆ. ಸಂವಿಧಾನದ 61ನೆಯ ತಿದ್ದುಪಡಿಯಿಂದಾಗಿ 1989ರಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಮೊದಲು ಶಾಲೆಯನ್ನು ಬಿಟ್ಟು ಐದಾರು ವರ್ಷ ಲೋಕವನ್ನು ಕಂಡು ಮತಗಟ್ಟೆಗೆ ಹೋಗುತ್ತಿದ್ದವರು ಈಗ ಕಾಲೇಜಿನ ಮೆಟ್ಟಿಲಿನಿಂದಲೇ ನೇರವಾಗಿ ಹೋಗುತ್ತಾರೆ. ಚುನಾವಣಾ ಆಯೋಗವು 2018ರಲ್ಲಿ ಶಾಲೆ ಕಾಲೇಜುಗಳಲ್ಲಿ ಚುನಾವಣಾ ಸಾಕ್ಷರತಾ ಸಂಘಗಳ ಯೋಜನೆಯನ್ನು ಹೊರಡಿಸಿದ್ದು ಈ ಕಾರಣಕ್ಕೇ. ಆದರೆ ಮತ ಹಾಕುವುದು ಐದು ವರ್ಷಕ್ಕೊಮ್ಮೆ ಬರುವ ಕಾರ್ಯ. ನಲ್ಲಿಯಲ್ಲಿ ನೀರು ಬಾರದಿರುವುದು ದಿನದಿನದ ಕಷ್ಟ. ಒಂದನ್ನು ಕಲಿಸಿ ಇನ್ನೊಂದನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ.

ಈಸೂರಿನ ಬಾಲ ಅಮಲ್ದಾರ

ಮಕ್ಕಳ ಕೈಗೆ ಅಧಿಕಾರ ಕೊಡುವುದೆಂದರೆ ಶಿವಮೊಗ್ಗ ಜಿಲ್ಲೆಯವರಿಗೆ ಒಂದು ಹಳೆಯ ಕಥೆ ನೆನಪಾಗದೆ ಇರದು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ದಿನಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತನ್ನನ್ನು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. ತನ್ನದೇ ಆದ ಸರ್ಕಾರವನ್ನು ಕಟ್ಟಿಕೊಂಡಿತು. ಆ ಸರ್ಕಾರದ ಅಮಲ್ದಾರನೂ ಸಬ್ ಇನ್‌ಸ್ಪೆಕ್ಟರನೂ ಯಾರು? ಊರಿನ ಇಬ್ಬರು ಬಾಲಕರು, ಜಯಣ್ಣ ಮತ್ತು ಮಲ್ಲಪ್ಪ. ಹುಡುಗರ ಮೇಲೆ ಹಿರಿಯರಂತೆ ಕಾನೂನಿನ ಕ್ರಮ ಕೈಗೊಳ್ಳಲು ಬಾರದೆಂಬ ಎಣಿಕೆಯಿಂದ ಹಿರಿಯರು ಹೀಗೆ ಮಾಡಿದರೆಂದು ಹೇಳುವರು.

ಮುಂದಿನದು ಆಟವಾಗಿ ಉಳಿಯಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ನಿಜವಾದ ಅಮಲ್ದಾರರೂ ಪೊಲೀಸರೂ ಊರಿಗೆ ಬಂದಾಗ ಘರ್ಷಣೆ ನಡೆದು ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಮೃತರಾದರು. ಅದರ ಬೆನ್ನಲ್ಲೇ ಊರಿನ ಮೇಲೆ ಬಂದ ದಂಡನೆ ಘೋರವಾಗಿದ್ದಿತು. 1943ರ ಮಾರ್ಚ್ ತಿಂಗಳಲ್ಲಿ ಈಸೂರಿನ ಐವರು ಗಲ್ಲಿಗೇರಿದರು.

ಈ ಕಥೆಯನ್ನು ವೀರಗಾಥೆಯಾಗಿ ಮಕ್ಕಳಿಗೆ ಹೇಳುವುದು ವಾಡಿಕೆ, ಹೇಳಬೇಕಾದದ್ದೂ ಹೌದು. ಆದರೆ ಅದರೊಳಗೆ ಇನ್ನೊಂದು ಮಾತು ಇದೆ. ಆ ಬಾಲಕರಿಗೆ ಸಿಕ್ಕಿದ್ದು ಪದವಿಯ ಹೆಸರು. ಊರಿನ ತೀರ್ಮಾನಗಳು ಹಿರಿಯರ ಕೈಯಲ್ಲೇ ಇದ್ದವು. ಸೆರೆಮನೆಯ ಬಾಗಿಲು ಎದುರಿಗೇ ತೆರೆದಿದ್ದ ಕಾಲದಲ್ಲಿ ಅದು ಕ್ಷಮ್ಯ. ಸ್ವಾತಂತ್ರ್ಯ ಬಂದು ಎಪ್ಪತ್ತೈದು ವರ್ಷಗಳು ಕಳೆದ ಮೇಲೂ ಮಕ್ಕಳಿಗೆ ಬರಿಯ ಹೆಸರನ್ನೇ ಕೊಟ್ಟು ಸುಮ್ಮನಾಗುವುದು ಸರಿಯೇ?

ಹಳ್ಳಿಯ ಮಕ್ಕಳಿಗೊಂದು ಸಭೆ

ಈ ಪ್ರಶ್ನೆಗೆ ಕರ್ನಾಟಕದ ಹಳ್ಳಿಗಳಲ್ಲಿ ಒಂದು ಉತ್ತರ ದೊರಕಿದೆ. ಪಶ್ಚಿಮ ಘಟ್ಟದ ಆಚೆ, ಕುಂದಾಪುರದ ಸೀಮೆಯಲ್ಲಿ, ಕೆರಾಡಿ ಮೊದಲಾದ ಕೆಲವು ಪಂಚಾಯಿತಿಗಳಲ್ಲಿ 1995ರ ಹೊತ್ತಿಗೆ ‘ಮಕ್ಕಳ ಪಂಚಾಯಿತಿ’ಗಳು ಆರಂಭವಾದವು. ದುಡಿಯುವ ಮಕ್ಕಳ ನಡುವೆ ಕೆಲಸಮಾಡುತ್ತಿದ್ದ ಸಂಸ್ಥೆಯೊಂದು ಇದಕ್ಕೆ ಬೆಂಬಲವಾಗಿ ನಿಂತಿತು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ತಮ್ಮ ಊರಿನ ಕೊರತೆಗಳನ್ನು ತಾವೇ ಎಣಿಸಿ ಬರೆದು ಹಿರಿಯರ ಪಂಚಾಯಿತಿಯ ಮುಂದೆ ಇಟ್ಟರು.

ಅವರು ಕೇಳಿದ್ದು ಆಟದ ಸಾಮಾನನ್ನಲ್ಲ, ಕಾಲುಸಂಕವನ್ನು. ಮಲೆನಾಡಿನ ವಾಚಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಗೆಯಲ್ಲಿ ಒಂದೇ ನೆಗೆತಕ್ಕೆ ದಾಟುವ ತೋಡು ಆಷಾಢದಲ್ಲಿ ಹೊಳೆಯಾಗುತ್ತದೆ. ಅದರ ಮೇಲೆ ಅಡಿಕೆಯ ಮರದ ಎರಡು ದಬ್ಬೆಗಳೇ ಸೇತುವೆ. ಪಂಚಾಯಿತಿಯ ದೊಡ್ಡವರು ರಸ್ತೆಯ ಬಗ್ಗೆ ಚಿಂತಿಸುತ್ತಿದ್ದಾಗ ಪ್ರತಿದಿನ ಆ ದಬ್ಬೆಯ ಮೇಲೆ ಕಾಲಿಡುತ್ತಿದ್ದ ಮಕ್ಕಳಿಗೆ ಮಾತ್ರ ಯಾವ ತೋಡು ಎಷ್ಟು ಭಯಂಕರವೆಂಬುದು ತಿಳಿದಿದ್ದಿತು. ಕಲ್ಪನೆಯ ಭಯವಲ್ಲ ಇದು. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಗುವಿನ ಮಾತನ್ನು ಕೇಳುವುದು ದೊಡ್ಡವರ ಔದಾರ್ಯವೆಂದು ಭಾವಿಸುವವರು ಈ ಸುದ್ದಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

2006ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ‘ಮಕ್ಕಳ ಗ್ರಾಮಸಭೆ’ಗಳನ್ನು ನಡೆಸುವಂತೆ ಗ್ರಾಮ ಪಂಚಾಯಿತಿಗಳಿಗೆ ಸುತ್ತೋಲೆ ಹೊರಡಿಸಿತು. ಸಭೆ ಕೆಲವೆಡೆ ಸೊಗಸಾಗಿ ನಡೆದರೆ ಕೆಲವೆಡೆ ಹಾರ, ಭಾಷಣ, ಬಿಸ್ಕತ್ತುಗಳಲ್ಲಿ ಮುಗಿಯುವುದೂ ಉಂಟು. ಆದರೂ ಒಂದು ಬಾಗಿಲು ಅಲ್ಲಿದೆ. ಶಾಲೆಗೆ ಶೌಚಾಲಯವಿಲ್ಲ, ಬಸ್ಸು ಹೊತ್ತಿಗೆ ಬರುವುದಿಲ್ಲ ಎಂದು ಹಳ್ಳಿಯ ಮಗು ಎದ್ದುನಿಂತು ಹೇಳಿದರೆ, ಎದುರಿಗೆ ಕುಳಿತ ಅಧ್ಯಕ್ಷರೂ ಅಧಿಕಾರಿಗಳೂ ಏನಾದರೊಂದು ಉತ್ತರ ಹೇಳಲೇಬೇಕಾಗುತ್ತದೆ.

ನಗರದ ಮಕ್ಕಳಿಗೆ?

ಶಿವಮೊಗ್ಗದ ಅಥವಾ ಭದ್ರಾವತಿಯ ಮಗುವಿಗೆ ಅಂಥ ಬಾಗಿಲು ಎಲ್ಲಿದೆ? 2011ರ ಜನಗಣತಿಯಂತೆ ಶಿವಮೊಗ್ಗದ ಜನಸಂಖ್ಯೆ ಮೂರು ಲಕ್ಷ ಇಪ್ಪತ್ತು ಸಾವಿರಕ್ಕೂ ಮಿಕ್ಕದ್ದು. ಭದ್ರಾವತಿಯದು ಸುಮಾರು ಒಂದೂವರೆ ಲಕ್ಷ. ಶಿವಮೊಗ್ಗ 2013ರಲ್ಲಿ ನಗರಸಭೆಯಿಂದ ಮಹಾನಗರ ಪಾಲಿಕೆಯಾಗಿ ಬಡ್ತಿ ಪಡೆಯಿತು. ಭದ್ರಾವತಿ ನಗರಸಭೆಯಾಗಿಯೇ ಇದೆ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರಾಡಳಿತಕ್ಕೆ ಹೊಸ ಬಲ ಕೊಟ್ಟಿತು. ಮೂರು ಲಕ್ಷಕ್ಕೆ ಕಡಮೆಯಿಲ್ಲದ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದಿತು. ಆದರೆ ವಾರ್ಡಿನ ಸಭೆ ಸಮಿತಿಗಳು ಮತದಾರರಿಗಾಗಿ ಇರುವಂಥವು. ಹದಿನೆಂಟು ತುಂಬದವರಿಗೆ ಅಲ್ಲಿ ಪೀಠವಿಲ್ಲ. ಹಳ್ಳಿಯಲ್ಲಿ ಮಕ್ಕಳ ಗ್ರಾಮಸಭೆ ತುಂಬಿದ ಕೊರತೆ ನಗರದಲ್ಲಿ ಹಾಗೆಯೇ ಉಳಿದಿದೆ.

ದೊಡ್ಡವರ ಪೀಠವೂ ಕೆಲವೊಮ್ಮೆ ಬರಿದಾಗುವುದುಂಟು. 2018ರಲ್ಲಿ ಚುನಾಯಿತವಾದ ಶಿವಮೊಗ್ಗ ಪಾಲಿಕೆಯ ಅವಧಿ 2023ರ ಕೊನೆಯಲ್ಲಿ ಮುಗಿಯಿತು. ಒಡನೆಯೇ ಹೊಸ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಯ ಕೈಗೆ ನಗರದ ಭಾರ ಹೋಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿದಿರಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಪುಸ್ತಕದ ಈ ವಾಕ್ಯವನ್ನೂ ಊರಿನ ಈ ಸಂಗತಿಯನ್ನೂ ಪಕ್ಕಪಕ್ಕದಲ್ಲಿಟ್ಟು ‘ಹೀಗೇಕೆ?’ ಎಂದು ಕೇಳುವ ತರಗತಿಗಿಂತ ಉತ್ತಮವಾದ ಪೌರನೀತಿಯ ತರಗತಿ ಬೇರೊಂದಿರಲಾರದು.

ಇದು ಯಾರದು?

ನಗರದ ಮಗುವಿಗೆ ಮೊದಲು ಕಲಿಸಬೇಕಾದ ಪಾಠ ‘ಇದು ಯಾರದು?’ ಎಂಬುದು. ಈ ಪಾಠಕ್ಕೆ ಭದ್ರಾವತಿಯಂಥ ಊರು ದೊರಕುವುದು ಕಷ್ಟ. ಬೆಂಕಿಪುರವೆಂಬ ಹಳೆಯ ಹೆಸರಿನ ಆ ಊರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯ ಫಲವಾಗಿ ಕಬ್ಬಿಣದ ಕಾರ್ಖಾನೆ ಬಂದಿತು. 1923ರಲ್ಲಿ ಉತ್ಪಾದನೆ ಮೊದಲಾಯಿತು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪಿತವಾಯಿತು. ಕಾರ್ಖಾನೆಯೇ ಮನೆ ಕಟ್ಟಿಸಿತು, ಶಾಲೆ ತೆರೆಯಿತು, ಆಸ್ಪತ್ರೆ ನಡೆಸಿತು. ನ್ಯೂಟೌನಿನಲ್ಲಿಯೂ ಪೇಪರ್‌ಟೌನಿನಲ್ಲಿಯೂ ಬೆಳೆದ ಮಕ್ಕಳಿಗೆ ‘ಸರ್ಕಾರ’ವೆಂದರೆ ಬೆಳಗಿನ ಸೈರನ್ ಆಗಿದ್ದಿತು ಎಂದರೂ ನಡೆದೀತು.

ಆ ಕಾಲ ಹೋಯಿತು. ಕಾಗದದ ಕಾರ್ಖಾನೆ 2015–16ರ ಸುಮಾರಿಗೆ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಅದರ ಒಂದು ಭಾಗ ಮತ್ತೆ ಚಾಲನೆ ಪಡೆಯಿತು. ಅಪ್ಪನ ಕೆಲಸ ಉಳಿಯುವುದೋ ಇಲ್ಲವೋ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಕೇಳುತ್ತ ಬೆಳೆಯುವ ಮಗು ಯಾರನ್ನು ಕೇಳಬೇಕು? ಕಬ್ಬಿಣದ ಕಾರ್ಖಾನೆ 1998ರಿಂದ ಕೇಂದ್ರ ಸರ್ಕಾರದ ಉಕ್ಕು ಪ್ರಾಧಿಕಾರಕ್ಕೆ ಸೇರಿದ್ದು. ಕಾಗದದ ಕಾರ್ಖಾನೆ 1977ರಿಂದ ರಾಜ್ಯ ಸರ್ಕಾರದ ಕಂಪನಿ. ಮನೆಯ ಮುಂದಿನ ಚರಂಡಿ ನಗರಸಭೆಯದು. ಪುಸ್ತಕದಲ್ಲಿ ಕೇಂದ್ರ, ರಾಜ್ಯ, ಸ್ಥಳೀಯ ಎಂದು ಮೂರು ಪಾಠಗಳಾಗಿರುವ ವಿಷಯ ಭದ್ರಾವತಿಯಲ್ಲಿ ಅರ್ಧ ಗಂಟೆಯ ನಡಿಗೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಶಿವಮೊಗ್ಗದಲ್ಲಿಯೂ ಇಂಥ ಪಾಠಗಳಿಗೆ ಬರಗಾಲವಿಲ್ಲ. ಬಿ.ಎಚ್. ರಸ್ತೆ ಎಂದು ದಿನಕ್ಕೆ ಹತ್ತು ಬಾರಿ ಹೇಳುವವರಲ್ಲಿ ಅದು ಬೆಂಗಳೂರು–ಹೊನ್ನಾವರ ರಸ್ತೆಯೆಂದು ಎಷ್ಟು ಮಂದಿ ಬಲ್ಲರು? ಅದು ಮೊದಲು 206ನೆಯ ಸಂಖ್ಯೆಯ, ಈಗ 69ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ಅಲ್ಲಿಂದ ಒಳಬೀದಿಗೆ ತಿರುಗಿದೊಡನೆ ರಸ್ತೆಯ ಒಡೆತನ ಬದಲಾಗುತ್ತದೆ. ಬೀದಿಯ ವಿದ್ಯುತ್ ಕಂಬ ಮೆಸ್ಕಾಂ ಕಂಪನಿಯದಾದರೆ ಅದರ ಮೇಲಿನ ದೀಪದ ನಿರ್ವಹಣೆ ಪಾಲಿಕೆಯದು. ತಪ್ಪು ಬಾಗಿಲನ್ನು ತಟ್ಟಿದವನಿಗೆ ‘ನಮಗೆ ಸೇರಿದ್ದಲ್ಲ’ ಎಂಬ ಉತ್ತರ ದೊರಕುತ್ತದೆ. ಎರಡು ಬಾರಿ ಹಾಗಾದ ಮೇಲೆ ಅವನು ಬಾಗಿಲು ತಟ್ಟುವುದನ್ನೇ ಬಿಡುತ್ತಾನೆ. ನಗರಗಳಲ್ಲಿ ಕಾಣುವ ಉದಾಸೀನದ ಬಹುಭಾಗ ಹೀಗೆ ಹುಟ್ಟಿದ್ದು.

ತಮ್ಮ ಶಾಲೆಯಿಂದ ಅರ್ಧ ಮೈಲಿಯ ಸುತ್ತಳತೆಯ ನಕ್ಷೆಯೊಂದನ್ನು ಮಕ್ಕಳೇ ಬರೆದು, ಕಂಬ, ನಲ್ಲಿ, ಚರಂಡಿ, ಉದ್ಯಾನ, ಬಸ್ಸು ನಿಲ್ಲುವ ಜಾಗ ಇವುಗಳನ್ನು ಗುರುತಿಸಿ, ಪ್ರತಿಯೊಂದರ ಎದುರಿಗೂ ಅದು ಯಾವ ಕಚೇರಿಗೆ ಸೇರಿದ್ದೆಂದು ಬರೆಯುವುದು ಒಂದು ವಾರದ ಕೆಲಸ. ಇದಕ್ಕೆ ಹಣ ಬೇಡ, ಯಂತ್ರ ಬೇಡ. ಬೆಂಗಳೂರಿನಲ್ಲಿ 2000ದಲ್ಲಿ ಆರಂಭವಾದ ಸಿ.ಎಂ.ಸಿ.ಎ. ಎಂಬ ಮಕ್ಕಳ ಪೌರಪ್ರಜ್ಞೆಯ ಆಂದೋಲನವೂ ಶಾಲೆಗಳಲ್ಲಿ ಸಂಘಗಳನ್ನು ಕಟ್ಟಿ, ಊರನ್ನೇ ಪಠ್ಯವಾಗಿ ಓದಿಸುವ ಹಾದಿಯನ್ನು ಹಿಡಿಯಿತು.

ನೂರೈವತ್ತು ಪದಗಳ ಪಾಠ

ನಕ್ಷೆಯ ಮೇಲೆ ಅರ್ಜಿ. ಅರ್ಜಿ ಎಂಬುದು ನಮ್ಮ ನಾಡಿಗೆ ಹೊಸತಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿತು. ಶಾಸನ ಮಾಡುವ ಅಧಿಕಾರ ಅದಕ್ಕಿರಲಿಲ್ಲ. ಅಹವಾಲು ಹೇಳಿಕೊಳ್ಳುವುದಷ್ಟೇ ಅದರ ಕೆಲಸವಾಗಿದ್ದಿತು. ಆದರೂ ಆಳುವವರ ಮುಂದೆ ನಿಂತು ಊರಿನ ಕಷ್ಟವನ್ನು ಕ್ರಮವಾಗಿ ಹೇಳುವ ಅಭ್ಯಾಸ ಮೈಸೂರಿನ ಜನಕ್ಕೆ ಅಲ್ಲಿಂದ ಬಂದಿತು.

2005ರ ಮಾಹಿತಿ ಹಕ್ಕು ಕಾಯಿದೆ ಈ ಅಭ್ಯಾಸಕ್ಕೆ ಕಾನೂನಿನ ಬಲ ಕೊಟ್ಟಿದೆ. ಹತ್ತು ರೂಪಾಯಿ ಶುಲ್ಕ; ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಅದು ನೂರೈವತ್ತು ಪದಗಳನ್ನು ಮೀರಬಾರದು. ಈ ಮಿತಿಯ ಬಗ್ಗೆ ದೊಡ್ಡವರು ಗೊಣಗುವುದುಂಟು. ಆದರೆ ಕನ್ನಡದ ಉಪಾಧ್ಯಾಯರಿಗೆ ಇದಕ್ಕಿಂತ ಒಳ್ಳೆಯ ರಚನಾಭ್ಯಾಸ ಬೇರೆ ಬೇಕೆ? ‘ದೀಪವನ್ನು ಏಕೆ ಸರಿಪಡಿಸಿಲ್ಲ?’ ಎಂದು ಗದರಿಸಿ ಬರೆದರೆ ಉತ್ತರ ಬಾರದು. ಆ ಕಾಯಿದೆ ಕೊಡಿಸುವುದು ಕಡತದಲ್ಲಿರುವ ಮಾಹಿತಿಯನ್ನೇ ಹೊರತು ಅಧಿಕಾರಿಯ ಸಮಜಾಯಿಷಿಯನ್ನಲ್ಲ. ‘ನಮ್ಮ ಬೀದಿಯ ದೀಪಗಳ ಬಗ್ಗೆ ಕಳೆದ ಆರು ತಿಂಗಳಲ್ಲಿ ಬಂದ ದೂರುಗಳ ಪುಸ್ತಕದ ನಕಲು, ಕೈಗೊಂಡ ಕ್ರಮದ ವಿವರ’ ಎಂದು ಕೇಳಿದರೆ ಉತ್ತರ ಬರಲೇಬೇಕು. ಕೋಪವನ್ನು ಪ್ರಶ್ನೆಯಾಗಿ ಮಾರ್ಪಡಿಸುವ ಈ ಕಲೆಯೇ ಪೌರಜ್ಞಾನದ ತಿರುಳು.

ಈ ಹಕ್ಕು ನಾಗರಿಕರೆಲ್ಲರದು. ಕಾಯಿದೆ ವಯಸ್ಸಿನ ಮಾತನ್ನೇ ಎತ್ತುವುದಿಲ್ಲ. 2012ರಲ್ಲಿ ಲಖನೌ ನಗರದ ಹತ್ತು ವರ್ಷದ ಬಾಲಕಿಯೊಬ್ಬಳು ಗಾಂಧೀಜಿಯವರಿಗೆ ‘ರಾಷ್ಟ್ರಪಿತ’ ಎಂಬ ಬಿರುದನ್ನು ಕೊಟ್ಟ ಸರ್ಕಾರಿ ಆಜ್ಞೆಯ ಪ್ರತಿಯನ್ನು ಕೇಳಿದಳು. ಪತ್ರ ದೆಹಲಿಯಲ್ಲಿ ಕಚೇರಿಯಿಂದ ಕಚೇರಿಗೆ ತಿರುಗಿತು. ಅಂಥ ದಾಖಲೆ ಯಾವುದೂ ಇಲ್ಲವೆಂಬ ಉತ್ತರ ಕೊನೆಗೆ ಬಂದಿತು. ಮಗು ಕೇಳಿತೆಂದು ಯಾರೂ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕಲಾಗಲಿಲ್ಲ.

ಮಂತ್ರಿಗಿರಿಯೂ ಪ್ರಶ್ನೋತ್ತರವೂ

ಇನ್ನು ನಾಯಕತ್ವದ ಮಾತು. ‘ಶಾಲಾ ಸಂಸತ್ತು’ ಇಲ್ಲದ ಶಾಲೆ ಈಗ ಅಪರೂಪ. ಜೂನ್ ತಿಂಗಳ ಹೊತ್ತಿಗೆ ನಾಮಪತ್ರ, ಚಿಹ್ನೆ, ಬೆರಳಿಗೆ ಶಾಯಿ, ಎಣಿಕೆ ಎಲ್ಲವೂ ನಡೆಯುತ್ತವೆ. ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಎಂದು ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಮಕ್ಕಳನ್ನು ನೋಡುವುದೇ ಒಂದು ಸಂತೋಷ. ಆದರೆ ಪ್ರಮಾಣವಚನದ ಛಾಯಾಚಿತ್ರ ತೆಗೆದ ಮೇಲೆ ಆ ಸಂಸತ್ತು ಮತ್ತೆ ಸೇರುವುದುಂಟೇ? ಬಿಸಿಯೂಟದ ಸಾರು ನೀರಾಗಿದ್ದರೆ ಐದನೆಯ ತರಗತಿಯ ಪುಟಾಣಿ ಎದ್ದು ನಿಂತು ಆಹಾರ ಮಂತ್ರಿಯನ್ನು ಪ್ರಶ್ನಿಸಬಹುದೇ? ಪ್ರಶ್ನಿಸಿದರೆ ಮಂತ್ರಿ ವಿಚಾರಿಸಿ ಬಂದು ಉತ್ತರಿಸುವನೇ? ಮುಖ್ಯೋಪಾಧ್ಯಾಯರು ಅದನ್ನು ಅವಿಧೇಯತೆಯೆಂದು ಭಾವಿಸದೆ ಇರುವರೇ?

ನಾಯಕನೆಂದರೆ ಎಲ್ಲರ ಮುಂದೆ ನಡೆಯುವವನು ಎಂದು ಮಕ್ಕಳು ತಿಳಿದಿರುತ್ತಾರೆ. ಎಲ್ಲರಿಗೂ ಉತ್ತರ ಹೇಳಬೇಕಾದವನು ಎಂದು ಕಲಿಸುವುದೇ ಶಾಲೆಯ ಕೆಲಸ. ಈ ಜಿಲ್ಲೆಯಲ್ಲಿ ಅದಕ್ಕೆ ನಿದರ್ಶನಗಳಿಗೇನೂ ಕೊರತೆಯಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡ ಶಾಂತವೇರಿ ಗೋಪಾಲಗೌಡರು 1951ರ ಕಾಗೋಡು ರೈತ ಸತ್ಯಾಗ್ರಹದಲ್ಲಿ ದುಡಿದು, 1952ರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದರು. ಅಧಿಕಾರದ ಕುರ್ಚಿಯಲ್ಲಿ ಕೂರದೆ ಪ್ರಶ್ನೆ ಕೇಳುವ ಬೆಂಚಿನಲ್ಲಿ ಕುಳಿತೇ ಅವರು ದೊಡ್ಡವರಾದರು. ಶಾಲಾ ಸಂಸತ್ತಿನಲ್ಲಿ ಎಲ್ಲರೂ ಮಂತ್ರಿಗಳೇ ಆಗಿರುವಾಗ ಪ್ರತಿಪಕ್ಷದ ಒಂದು ಬೆಂಚನ್ನೂ ಹಾಕುವುದು ಒಳ್ಳೆಯದು.

ತಂದೆತಾಯಿಗಳ ಅಳುಕೂ ಸಹಜವಾದುದೇ. ‘ಓದುವ ಹುಡುಗನಿಗೆ ಈ ಉಸಾಬರಿ ಏಕೆ? ನಾಳೆ ರಾಜಕೀಯದವರು ಬಾವುಟ ಕೊಟ್ಟು ಮೆರವಣಿಗೆಗೆ ಎಳೆದಾರು’ ಎಂದು ಅವರು ಹೇಳುವರು. ಮಕ್ಕಳನ್ನು ಚುನಾವಣಾ ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗವು 2024ರ ಫೆಬ್ರುವರಿಯಲ್ಲಿ ಕಟ್ಟುನಿಟ್ಟಾಗಿ ಸೂಚಿಸಿದೆ; ಶಾಲೆಯೂ ಈ ಗೆರೆಯನ್ನು ದಾಟಬಾರದು. ಆದರೆ ಯಾರದೋ ಘೋಷಣೆಯನ್ನು ಕೂಗುವುದು ಬೇರೆ, ತನ್ನ ಬೀದಿಯ ದೀಪವನ್ನು ಕೇಳುವುದು ಬೇರೆ. ಎರಡನೆಯದನ್ನು ಬಲ್ಲ ಮಗುವನ್ನು ಮೊದಲನೆಯದಕ್ಕೆ ಎಳೆಯುವುದು ಅಷ್ಟು ಸುಲಭವಲ್ಲ.

ಇನ್ನೊಂದು ಮಾತನ್ನೂ ಮರೆಯಬಾರದು. ಕೇಳಿದವರಿಗೆ ಉತ್ತರ ಬರುತ್ತದೆ. ಬಂದ ಉತ್ತರ ಯಾವಾಗಲೂ ಹಿತವಾಗಿರುವುದಿಲ್ಲ. ಚರಂಡಿ ಕಟ್ಟಿಕೊಂಡಿದೆ ಎಂದು ಬರೆದ ಮಕ್ಕಳಿಗೆ ‘ನಿಮ್ಮ ಬೀದಿಯವರೇ ಅದಕ್ಕೆ ಕಸ ಸುರಿಯುತ್ತಾರೆ, ಹಸಿ ಒಣ ಕಸವನ್ನು ಬೇರ್ಪಡಿಸಿ ಗಾಡಿಗೆ ಕೊಡುವುದಿಲ್ಲ’ ಎಂಬ ಮರುಮಾತು ಬರಬಹುದು. ಆಗ ಆ ಮಗು ಮನೆಗೆ ಬಂದು ಅಮ್ಮನನ್ನೂ ಅಪ್ಪನನ್ನೂ ಪ್ರಶ್ನಿಸಬೇಕಾಗುತ್ತದೆ. ‘ತುಂಗಾ ಪಾನ, ಗಂಗಾ ಸ್ನಾನ’ ಎಂದು ಹೆಮ್ಮೆಯಿಂದ ಹೇಳುವ ಊರಿನವರು ತುಂಗೆಯ ದಡಕ್ಕೆ ಏನನ್ನು ಒಯ್ದು ಸುರಿಯುತ್ತಾರೆಂಬುದನ್ನು ಮಕ್ಕಳು ಬಾಯಿ ಬಿಟ್ಟು ಹೇಳಿದರೆ ಹಿರಿಯರು ಮುನಿಯಬಾರದು. ಹಕ್ಕನ್ನು ಕೇಳಲು ಹೋದವನು ಕರ್ತವ್ಯವನ್ನು ಹೊತ್ತುಕೊಂಡು ಮರಳುವುದು ಈ ಪಾಠದ ಕೊನೆಯ ಅಧ್ಯಾಯ. ನೀತಿಬೋಧೆಯ ಯಾವ ಪುಸ್ತಕವೂ ಅದನ್ನು ಇಷ್ಟು ಚೆನ್ನಾಗಿ ಕಲಿಸಲಾರದು.

ಇದಕ್ಕೆಲ್ಲ ಹೊಸ ಇಲಾಖೆ, ಹೊಸ ಯೋಜನೆ ಬರಲೆಂದು ಕಾಯಬೇಕಾಗಿಲ್ಲ. ಪಾಲಿಕೆಯೂ ನಗರಸಭೆಯೂ ವರ್ಷಕ್ಕೊಂದು ದಿನ ತಮ್ಮ ಸಭಾಂಗಣದ ಬಾಗಿಲನ್ನು ಶಾಲಾ ಮಕ್ಕಳಿಗೆ ತೆರೆದು, ಅವರ ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೊಡುವುದಾದರೆ ಹಳ್ಳಿಯ ಮಕ್ಕಳಿಗಿರುವ ಸವಲತ್ತು ನಗರದ ಮಕ್ಕಳಿಗೂ ಆದೀತು. ಅದೂ ತಡವಾಗುವುದಾದರೆ ಉಪಾಧ್ಯಾಯರೊಬ್ಬರ ಮನಸ್ಸು ಸಾಕು. ಪತ್ರಲೇಖನದ ಪಾಠ ಮುಗಿದ ದಿನ, ತರಗತಿಯ ನಲವತ್ತು ಪತ್ರಗಳಲ್ಲಿ ನಿಜವಾದ ಬೀದಿಯ, ನಿಜವಾದ ಕಂಬದ ಬಗ್ಗೆ ಬರೆದ ಒಂದನ್ನು ಮಕ್ಕಳೇ ಆರಿಸಲಿ. ಎಲ್ಲರೂ ಅದಕ್ಕೆ ಸಹಿ ಹಾಕಲಿ. ಐದು ರೂಪಾಯಿಯ ಲಕೋಟೆಯಲ್ಲಿಟ್ಟು, ವಿಳಾಸ ಬರೆದು, ಒಟ್ಟಾಗಿ ನಡೆದುಹೋಗಿ ಅಂಚೆಯ ಪೆಟ್ಟಿಗೆಗೆ ಹಾಕಲಿ. ಹಾಕಿದ ತಾರೀಖನ್ನು ಕಪ್ಪು ಹಲಗೆಯ ಮೂಲೆಯಲ್ಲಿ ಬರೆದಿಡಲಿ. ಉತ್ತರ ಬರುವವರೆಗೂ ಅದನ್ನು ಅಳಿಸಬಾರದು.